2,371 ಸ್ಟರ್ಲಿಂಗ್ ಕಟ್ಟಿದರು, ಇವತ್ತು ಒಂದೂ ಇಲ್ಲ. ಯಾಕೆ ಹೀಗೆ?

ಪುಟ್ಟರೆಕ್ಕೆ:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಂದು ಶಾರ್ಟ್ ಸ್ಟರ್ಲಿಂಗ್ ಬಾಂಬರ್‌ನ ಪ್ಲಾಸ್ಟಿಕ್ ಮಾದರಿ ಜೋಡಿಸುತ್ತಿದ್ದೇನೆ. ನಿಜವಾದ ವಿಮಾನದ 72ರಲ್ಲಿ ಒಂದು ಪಾಲಿನ ಅಳತೆಯದು. ಇದಕ್ಕೂ ಮುಂಚೆ ಲ್ಯಾಂಕಾಸ್ಟರ್ ಅನ್ನೋ ಇನ್ನೊಂದು ಬ್ರಿಟಿಷ್ ಬಾಂಬರ್‌ನ ಮಾದರಿ ಮಾಡಿದ್ದೆ. ಆಗ ಏನೇ ಅನುಮಾನ ಬಂದರೂ ಫೋಟೋ ಹುಡುಕಿದರೆ ಸಾಕಿತ್ತು. ಚಕ್ರ ಮಡಚಿಕೊಂಡು ಒಳಗೆ ಹೋಗುವ ಗೂಡು ಇದೆಯಲ್ಲ, ಅದರೊಳಗೆ ಯಾವ ಪೈಪ್ ಎಲ್ಲಿ ಹಾಯುತ್ತದೆ, ಯಾವುದಕ್ಕೆ ಯಾವ ಬಣ್ಣ, ಎಲ್ಲವೂ ಸಿಗುತ್ತಿತ್ತು. ಯಾರೋ ಒಬ್ಬರು ಮ್ಯೂಸಿಯಂನಲ್ಲಿ ಅದರ ಕೆಳಗೆ ಬಗ್ಗಿ, ತಲೆ ಎತ್ತಿ, ಫೋಟೋ ತೆಗೆದಿರುತ್ತಾರೆ. ಸ್ಟರ್ಲಿಂಗ್‌ಗೂ ಹಾಗೇ ಹುಡುಕಿದೆ. ಒಂದು ವಾರ ಹುಡುಕಿದ ಮೇಲೆ ಅರ್ಥವಾಯಿತು, ಕೆಳಗೆ ಬಗ್ಗಿ ನೋಡೋದಕ್ಕೆ ಪ್ರಪಂಚದಲ್ಲಿ ಎಲ್ಲೂ ಒಂದು ಪೂರ್ತಿ ಸ್ಟರ್ಲಿಂಗ್ ಇಲ್ಲ. ಇರೋದು ಬರೀ ತುಂಡುಗಳು.

ನನಗೆ ನಿಜವಾಗಿ ಬೇಜಾರಾಯಿತು. ಇದೇನು ಎರಡು ಮೂರು ಕಟ್ಟಿ ಕೈಬಿಟ್ಟ ವಿಮಾನ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮೊದಲು ಸೇನೆಗೆ ಸೇರಿಸಿದ ನಾಲ್ಕು ಎಂಜಿನ್‌ನ ಭಾರೀ ಬಾಂಬರ್ ಇದೇ. 1940ರ ಆಗಸ್ಟ್‌ನಲ್ಲಿ ಸ್ಕ್ವಾಡ್ರನ್‌ಗೆ ಬಂತು. ಒಟ್ಟು 2,371 ಕಟ್ಟಿದ್ದಾರೆ. ಅದರ ಪಕ್ಕದಲ್ಲೇ ಹಾರಿದ ಲ್ಯಾಂಕಾಸ್ಟರ್ 7,377 ಆಗಿತ್ತು, ಅದರಲ್ಲಿ 17ರಷ್ಟು ಉಳಿದಿವೆ, ಎರಡು ಇವತ್ತಿಗೂ ಹಾರುತ್ತವೆ. ಅದೇ ಲೆಕ್ಕ ಹಿಡಿದರೆ ಸ್ಟರ್ಲಿಂಗ್ ಕೂಡ ಐದೋ ಆರೋ ಉಳಿಯಬೇಕಿತ್ತು ಅಲ್ವಾ?

ನನ್ನ ಪ್ರಶ್ನೆ ಇಷ್ಟೇ. ಒಂದು ಜಾತಿಯ ವಿಮಾನ ಪೂರ್ತಿ ಅಳಿದುಹೋಗೋದು, ಇನ್ನೊಂದು ಉಳಿದುಕೊಳ್ಳೋದು, ಇದು ಯಾವುದರ ಮೇಲೆ ನಿಂತಿದೆ? ಸುಮ್ನೆ ಅದೃಷ್ಟವಾ? ಹೀಗೆ ಅಳಿದುಹೋದದ್ದು ಇನ್ನೂ ಯಾವ ಯಾವುದಿದೆ? ಆಮೇಲೆ ನೀರಿನ ತಳದಿಂದ ಎತ್ತಿದ ಮುರುಕು ವಿಮಾನವನ್ನು "ಉಳಿದಿದೆ" ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾ?

ಹಳೇರಿವೆಟ್:

ನಾನು 30 ವರ್ಷ ವಿಮಾನ ರಿಪೇರಿ ಕೆಲಸದಲ್ಲಿದ್ದವನು. ನಿಮ್ಮ ಬೇಜಾರು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಎಷ್ಟು ಕಟ್ಟಿದರು ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಯುದ್ಧ ಮುಗಿದ ಮಾರನೇ ದಿನ ಆ ವಿಮಾನ ಯಾರಿಗೆ ಬೇಕಿತ್ತು, ಅದನ್ನು ನೋಡಬೇಕು. ಲ್ಯಾಂಕಾಸ್ಟರ್‌ಗೆ ಯುದ್ಧ ಮುಗಿದ ಮೇಲೂ ಕೆಲಸ ಇತ್ತು. ಕೆನಡಾದ ವಾಯುಪಡೆ ಅದನ್ನು ಸಮುದ್ರದ ಕಾವಲಿಗೆ 1960ರ ದಶಕದವರೆಗೂ ಬಳಸಿತು. ಫ್ರಾನ್ಸಿನ ನೌಕಾಪಡೆಯೂ ಅದೇ ಕೆಲಸಕ್ಕೆ ತೆಗೆದುಕೊಂಡಿತು. ಇವತ್ತು ಬ್ರಿಟನ್ನಿನಲ್ಲಿ ಹಾರುತ್ತಿರುವ ಪಿಎ474 ಇದೆಯಲ್ಲ, ಅದು ಬಾಂಬ್ ಹಾಕೋದಕ್ಕೆ ಹೋಗಲೇ ಇಲ್ಲ. ಆಫ್ರಿಕಾದ ಮೇಲೆ ಹಾರಿ ನಕಾಶೆಗೆ ಫೋಟೋ ತೆಗೆಯುತ್ತಿತ್ತು, ಆಮೇಲೆ ಕ್ರ್ಯಾನ್‌ಫೀಲ್ಡ್‌ನಲ್ಲಿ ಹೊಸ ರೆಕ್ಕೆಗಳ ಪರೀಕ್ಷೆಗೆ ಬಳಸಿದರು. ಹೀಗೆ ಕೆಲಸ ಮಾಡುತ್ತಾ ಮಾಡುತ್ತಾ 15–20 ವರ್ಷ ದಾಟಿತು. ಅಷ್ಟರಲ್ಲಿ ಜನಕ್ಕೆ "ಅಯ್ಯೋ, ಇದೊಂದನ್ನಾದರೂ ಉಳಿಸೋಣ" ಅನ್ನಿಸುವ ಕಾಲ ಬಂದಿತ್ತು.

ಸ್ಟರ್ಲಿಂಗ್‌ಗೆ ಆ 15 ವರ್ಷ ಸಿಗಲಿಲ್ಲ. ಜಾಸ್ತಿ ಎತ್ತರಕ್ಕೆ ಏರಲು ಆಗುತ್ತಿರಲಿಲ್ಲ, ಹಾಗಾಗಿ ಯುದ್ಧ ಮುಗಿಯುವ ಮುಂಚೆಯೇ ಬಾಂಬರ್ ಕೆಲಸದಿಂದ ತೆಗೆದು ಗ್ಲೈಡರ್ ಎಳೆಯೋದಕ್ಕೆ, ಸಾಮಾನು ಸಾಗಿಸೋದಕ್ಕೆ ಹಾಕಿದರು. ಸಾಗಾಣಿಕೆಗೆಂದೇ 160 ಕಟ್ಟಿದರು. ಅದರಲ್ಲಿ ಕೆಲವನ್ನು ಬೆಲ್ಜಿಯಂನ ಒಂದು ಕಂಪನಿ ಕೊಂಡಿತು, ಕೆಲವು ಈಜಿಪ್ಟ್ ಸೇರಿದವು, ಅಲ್ಲೇ ಮುಗಿದವು. ಉಳಿದವು ಗುಜರಿಗೆ ಹೋದವು.

ಗುಜರಿ ಅಂದರೆ ಒಂದೆರಡು ಲಾರಿ ಲೋಡ್ ಅಂದುಕೊಳ್ಳಬೇಡಿ. ಅಮೆರಿಕದ ಅರಿಜೋನಾದಲ್ಲಿ ಕಿಂಗ್‌ಮನ್ ಅಂತ ಒಂದು ಜಾಗ. ಯುದ್ಧ ಮುಗಿದ ಮೇಲೆ 5,000ಕ್ಕೂ ಜಾಸ್ತಿ ವಿಮಾನಗಳನ್ನು ತಂದು ಮರುಭೂಮಿಯಲ್ಲಿ ಸಾಲಾಗಿ ನಿಲ್ಲಿಸಿದರು. ಎಷ್ಟೋ ವಿಮಾನ ಕಾರ್ಖಾನೆಯಿಂದ ಸೀದಾ ಬಂದಂತೆ ಇದ್ದವು. ಮೊದಲು ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಇಳಿಸಿಕೊಳ್ಳುತ್ತಿದ್ದರು, ಎಂಜಿನ್ ಬಿಚ್ಚುತ್ತಿದ್ದರು, ಆಮೇಲೆ ಕ್ರೇನ್‌ಗೆ ಕಟ್ಟಿದ ದೊಡ್ಡ ಕತ್ತಿಯಂಥ ತಗಡನ್ನು ಮೇಲಿಂದ ಬಿಟ್ಟು ರೆಕ್ಕೆ, ಮೈ ಎಲ್ಲ ತುಂಡು ಮಾಡಿ ಕುಲುಮೆಗೆ ತಳ್ಳುತ್ತಿದ್ದರು. ಹೊರಗೆ ಬರುತ್ತಿದ್ದದ್ದು ಅಲ್ಯೂಮಿನಿಯಂ ಗಟ್ಟಿ. 1948ರ ಹೊತ್ತಿಗೆ ಜಾಗ ಖಾಲಿ.

ಕನ್ಸಾಲಿಡೇಟೆಡ್ ಬಿ-32 ಡಾಮಿನೇಟರ್ ಅನ್ನೋ ಬಾಂಬರ್ 118 ಕಟ್ಟಿದ್ದರು, ಒಂದೂ ಉಳಿದಿಲ್ಲ. ಹಾಕರ್ ಟೈಫೂನ್ 3,317 ಆಗಿತ್ತು, ಪೂರ್ತಿಯಾಗಿ ಉಳಿದಿರೋದು ಒಂದೇ ಒಂದು. ಅದು ಹೇಗೆ ಉಳಿಯಿತು ಗೊತ್ತಾ? ಪರೀಕ್ಷೆ ಮಾಡಿ ನೋಡೋಣ ಅಂತ ಯುದ್ಧದ ಸಮಯದಲ್ಲಿ ಅಮೆರಿಕಕ್ಕೆ ಕಳಿಸಿದ್ದರು. ಅಲ್ಲಿ ಸ್ವಲ್ಪ ಹಾರಿಸಿ ಉಗ್ರಾಣದಲ್ಲಿ ಇಟ್ಟರು. ಬ್ರಿಟನ್ನಿನಲ್ಲಿದ್ದ ಅದರ ಅಣ್ಣತಮ್ಮಂದಿರೆಲ್ಲ ಗುಜರಿಗೆ ಹೋದಾಗ ಇದೊಂದು ಪರದೇಶದ ಮೂಲೆಯಲ್ಲಿ ಕೂತಿತ್ತು. 1968ರಲ್ಲಿ ಒಂದು ಹರಿಕೇನ್ ಫೈಟರ್ ವಿಮಾನ ಕೊಟ್ಟು ಬದಲಿಗೆ ಇದನ್ನು ವಾಪಸ್ ತರಿಸಿಕೊಂಡರು.

ಬಿ-24 ಲಿಬರೇಟರ್‌ದು ಇದಕ್ಕಿಂತ ಚೆನ್ನಾಗಿದೆ. 18,000ಕ್ಕೂ ಜಾಸ್ತಿ ಕಟ್ಟಿದ ವಿಮಾನ ಅದು. ಯುದ್ಧ ಮುಗಿದಾಗ ಬ್ರಿಟಿಷರು ತಮ್ಮ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟುಹೋದರು, ಯಾರೂ ಮತ್ತೆ ಬಳಸದ ಹಾಗೆ ಬೇಕೆಂದೇ ಹಾಳು ಮಾಡಿ. ಎಚ್‌ಎಎಲ್‌ನವರು ಅವುಗಳನ್ನೇ ಹೊಂದಿಸಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಮತ್ತೆ ಹಾರುವ ಹಾಗೆ ಮಾಡಿದರು. ಭಾರತದ ವಾಯುಪಡೆ 1968ರವರೆಗೂ ಅವನ್ನು ಬಳಸಿತು. ಬ್ರಿಟನ್, ಕೆನಡಾ, ಅಮೆರಿಕದ ಮ್ಯೂಸಿಯಂಗಳಲ್ಲಿ ಇವತ್ತು ಇರುವ ಕೆಲವು ಲಿಬರೇಟರ್ ಅಲ್ಲಿಂದಲೇ ಹೋದವು. ಹಾಳು ಮಾಡಿ ಬಿಟ್ಟುಹೋದವರಿಗೇ ಕೊನೆಗೆ ಮ್ಯೂಸಿಯಂಗೆ ಒಂದು ಬೇಕಾಯಿತು ನೋಡಿ.

ಕೆರೆದಡ:

ಹಳೇರಿವೆಟ್ ಸರ್ ಗುಜರಿ ಕಥೆ ಹೇಳಿದರು. ನಾನು ನೀರಿನ ಕಥೆ ಹೇಳುತ್ತೇನೆ, ನಿಮ್ಮ ಕೊನೆಯ ಪ್ರಶ್ನೆಗೂ ಅದೇ ಉತ್ತರ.

ಹ್ಯಾಂಡ್ಲಿ ಪೇಜ್ ಹ್ಯಾಲಿಫ್ಯಾಕ್ಸ್ ಅಂತ ಸ್ಟರ್ಲಿಂಗ್ ಜೊತೆಯ ಇನ್ನೊಂದು ಬಾಂಬರ್. 6,000ಕ್ಕೂ ಜಾಸ್ತಿ ಕಟ್ಟಿದರು. ಗುಜರಿಯವರು ಒಂದನ್ನೂ ಬಿಡಲಿಲ್ಲ. ಆದರೂ ಇವತ್ತು ಮೂರು ಇವೆ. ಎರಡು ನಾರ್ವೆಯ ಕೆರೆಗಳಿಂದ ಬಂದವು. ಮೂರನೆಯದು ಬೇರೆ ಬೇರೆ ತುಂಡು ಸೇರಿಸಿ ಮಾಡಿದ್ದು, ಅದರ ಮೈಯ ಒಂದು ಭಾಗ ಸ್ಕಾಟ್ಲೆಂಡಿನ ದ್ವೀಪವೊಂದರಲ್ಲಿ ಕೋಳಿಗೂಡಾಗಿತ್ತು.

ನಾರ್ವೆಯ ಮೊದಲನೆಯದರ ಕಥೆ ಕೇಳಿ. 1942ರ ಏಪ್ರಿಲ್‌ನಲ್ಲಿ ಟಿರ್ಪಿಟ್ಸ್ ಅನ್ನೋ ಜರ್ಮನ್ ಯುದ್ಧನೌಕೆಯ ಮೇಲೆ ದಾಳಿಗೆ ಹೋದಾಗ ಅದಕ್ಕೆ ಗುಂಡು ತಗುಲಿತು. ಪೈಲಟ್ ಅದನ್ನು ಹೆಪ್ಪುಗಟ್ಟಿದ ಕೆರೆಯ ಮೇಲೆ, ಹೊಟ್ಟೆಯ ಮೇಲೆ ಜಾರಿಸಿ ಇಳಿಸಿದರು. ಎಲ್ಲರೂ ಬದುಕಿದರು. ಪಾದಕ್ಕೆ ಪೆಟ್ಟಾದ ಒಬ್ಬರು ಸೆರೆಸಿಕ್ಕರು, ಉಳಿದವರು ನಡೆದುಕೊಂಡು ಸ್ವೀಡನ್ ಸೇರಿದರು. ವಿಮಾನ ಮಂಜುಗಡ್ಡೆಯ ಕೆಳಗೆ ಇಳಿದು ಕೆರೆಯ ತಳ ಸೇರಿತು. 1973ರವರೆಗೂ ಅಲ್ಲೇ ಇತ್ತು. ಈಗ ಲಂಡನ್ನಿನ ಹೆಂಡನ್ ಮ್ಯೂಸಿಯಂನಲ್ಲಿದೆ, ಬಣ್ಣ ಬಳಿಯದೆ, ಎತ್ತಿದಾಗ ಹೇಗಿತ್ತೋ ಹೆಚ್ಚುಕಮ್ಮಿ ಹಾಗೇ.

ಕೆರೆಯ ನೀರು ಸಿಹಿ, ತಣ್ಣಗಿರುತ್ತದೆ, ತಳದಲ್ಲಿ ಗಾಳಿಯ ಅಂಶ ಕಮ್ಮಿ. ಅಲ್ಯೂಮಿನಿಯಂ ಅಲ್ಲಿ ನಿಧಾನವಾಗಿ ಸವೆಯುತ್ತದೆ. ಸಮುದ್ರದಲ್ಲಿ ಹಾಗಲ್ಲ. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ತಗಡು, ಅದಕ್ಕೆ ತಾಗಿಕೊಂಡ ಸ್ಟೀಲ್ ಬೋಲ್ಟ್, ಎರಡೂ ಸೇರಿ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತವೆ. ಕರೆಂಟ್ ಹರಿದು ಅಲ್ಯೂಮಿನಿಯಂ ತಿಂದುಹೋಗುತ್ತದೆ. ಎಲ್ಲಿ ಬೋಲ್ಟ್ ಇದೆಯೋ ಅಲ್ಲೇ ಮೊದಲು ತೂತು. ಅಂದರೆ ವಿಮಾನ ಬಿಚ್ಚಿಕೊಳ್ಳೋದು ಸರಿಯಾಗಿ ಅದನ್ನು ಜೋಡಿಸಿದ ಜಾಗದಲ್ಲೇ.

ಡಾರ್ನಿಯರ್ ಡಿಒ 17 ಗೊತ್ತಿರಬೇಕಲ್ಲ, ಜರ್ಮನಿಯ ತೆಳ್ಳಗಿನ ಬಾಂಬರ್, ಹಾರುವ ಪೆನ್ಸಿಲ್ ಅಂತ ಕರೆಯುತ್ತಿದ್ದರು. ಪ್ರಪಂಚದಲ್ಲಿ ಒಂದೂ ಉಳಿದಿಲ್ಲ ಅಂತಲೇ ಎಲ್ಲರೂ ನಂಬಿದ್ದರು. 1940ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕರಾವಳಿಯ ಗುಡ್‌ವಿನ್ ಮರಳುದಿಬ್ಬದ ಹತ್ತಿರ ಬಿದ್ದ ಒಂದು ಸುಮಾರು 50 ಅಡಿ ಆಳದಲ್ಲಿ ತಲೆಕೆಳಗಾಗಿ ಬಿದ್ದಿತ್ತು. ಮರಳು ಮುಚ್ಚಿಕೊಂಡಿದ್ದರಿಂದ ಅಷ್ಟು ವರ್ಷ ತಡೆದುಕೊಂಡಿತು. 2013ರ ಜೂನ್‌ನಲ್ಲಿ ಎತ್ತಿದರು. ಕಾಸ್ಫರ್ಡ್ ಮ್ಯೂಸಿಯಂನಲ್ಲಿ ಉದ್ದನೆಯ ಪ್ಲಾಸ್ಟಿಕ್ ಟೆಂಟ್ ಹಾಕಿ ಒಳಗೆ ಮಲಗಿಸಿದ್ದರು. ನಾನು ಆಗ ಹೋಗಿ ನೋಡಿದ್ದೆ. ನಿಂಬೆಯ ಹುಳಿಯಲ್ಲಿ ಇರುತ್ತದಲ್ಲ, ಅದೇ ಸಿಟ್ರಿಕ್ ಆಮ್ಲ ಬೆರೆಸಿದ ನೀರನ್ನು ಸಣ್ಣ ಸಣ್ಣ ನಳಿಕೆಗಳಿಂದ ಅದರ ಮೇಲೆ ಸಿಂಪಡಿಸುತ್ತಿದ್ದರು. ಉಪ್ಪು ಕಳೆಯಬೇಕು, ಅಂಟಿದ ಚಿಪ್ಪು ಬಿಡಬೇಕು, ಆದರೆ ತಗಡು ಕರಗಬಾರದು. ಟೆಂಟಿನ ಪ್ಲಾಸ್ಟಿಕ್ ಕಿಟಕಿಗೆ ಮುಖ ಒತ್ತಿಕೊಂಡು ನೋಡುತ್ತಾ ನಿಂತಿದ್ದೆ. ಮಂಜು ಮುಸುಕಿದ ಹಾಗಿತ್ತು. ಒಂದು ಸಲ ಹನಿಗಳು ತೆಳುವಾದಾಗ ರೆಕ್ಕೆಯ ಬುಡ ಕಾಣಿಸಿತು, ಚಿಪ್ಪು ಉದುರಿದ ಜಾಗದಲ್ಲಿ ಕೈಯಗಲದಷ್ಟು ಬರೀ ಲೋಹ. ಮನೆಗೆ ಬಂದರೂ ಕಣ್ಣ ಮುಂದೆ ಅದೇ ಇತ್ತು.

ಹಾಗಾಗಿ ನನ್ನ ಉತ್ತರ, ಹೌದು, ಉಳಿದಿದೆ ಅಂತಲೇ ಲೆಕ್ಕ. ಹಾರಲ್ಲ, ಹೊಳೆಯಲ್ಲ, ಆದರೆ ಅದು ಅದೇ.

ಇನ್ನೂ ನೀರೊಳಗೇ ಇರುವ ಒಂದರ ಬಗ್ಗೆಯೂ ಹೇಳಿಬಿಡುತ್ತೇನೆ. ಡಗ್ಲಸ್ ಟಿಬಿಡಿ ಡೆವಾಸ್ಟೇಟರ್, ಅಮೆರಿಕ ನೌಕಾಪಡೆಯ ಟಾರ್ಪೆಡೊ ವಿಮಾನ. ಕಟ್ಟಿದ್ದೇ 130. 1942ರ ಜೂನ್ 4ರಂದು ಮಿಡ್‌ವೇ ಯುದ್ಧದಲ್ಲಿ ಹಾರ್ನೆಟ್ ಹಡಗಿನಿಂದ ಹೊರಟ 15 ಡೆವಾಸ್ಟೇಟರ್‌ಗಳಲ್ಲಿ ಒಂದೂ ಹಿಂದಿರುಗಲಿಲ್ಲ, ಅದರಲ್ಲಿದ್ದ 30 ಜನರಲ್ಲಿ ಬದುಕಿದ್ದು ಒಬ್ಬರೇ. ಈ ವಿಮಾನ ಯಾವ ಮ್ಯೂಸಿಯಂನಲ್ಲೂ ಇಲ್ಲ. ಮಾರ್ಷಲ್ ದ್ವೀಪಗಳ ಜಾಲುಯಿಟ್‌ನಲ್ಲಿ ಹವಳದ ದಿಬ್ಬದೊಳಗಿನ ನೀರಿನಲ್ಲಿ ಎರಡು ಇವೆ. ಎತ್ತೋಣ ಅಂತ ವರ್ಷಗಳಿಂದ ಮಾತು ನಡೆಯುತ್ತಲೇ ಇದೆ. ಉಪ್ಪುನೀರು ಮಾತ್ರ ಕಾಯುತ್ತಾ ಕೂರಲ್ಲ.

ಪುಟ್ಟರೆಕ್ಕೆ:

ಕೋಳಿಗೂಡು ಓದಿ ಸುಮ್ಮನೆ ಕೂತುಬಿಟ್ಟೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಒಂದು ಅನುಮಾನ. ಎರಡನೇ ಕೆರೆಯ ಹ್ಯಾಲಿಫ್ಯಾಕ್ಸ್ ಏನಾಯಿತು? ಅದನ್ನೂ ಹಾಗೇ ಇಟ್ಟಿದ್ದಾರಾ? ಆಮೇಲೆ ಹಳೇರಿವೆಟ್ ಅವರ ಮಾತಿನಿಂದ ನನಗೆ ಅನ್ನಿಸಿದ್ದು, ಒಂದು ಸಲ ಮ್ಯೂಸಿಯಂ ಸೇರಿಬಿಟ್ಟರೆ ಸಾಕು, ವಿಮಾನ ಬಚಾವ್. ಸರಿನಾ?

ಬಾಲ್ಸಾಕಡ್ಡಿ:

ಮ್ಯೂಸಿಯಂ ಸೇರಿದರೆ ಬಚಾವ್ ಅನ್ನೋದು ಸರಿಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬರ್ಲಿನ್‌ನಲ್ಲಿ ಯುದ್ಧಕ್ಕೂ ಮುಂಚೆ ಒಂದು ದೊಡ್ಡ ವಿಮಾನ ಮ್ಯೂಸಿಯಂ ಇತ್ತು. ಅದರಲ್ಲಿ ಏನೇನಿತ್ತು ನೋಡಿ. ಡಾರ್ನಿಯರ್ ಡಿಒ ಎಕ್ಸ್ ಅನ್ನೋ ಹಾರುವ ದೋಣಿ, 12 ಎಂಜಿನ್‌ನದು, 1929ರಲ್ಲೇ 169 ಜನರನ್ನು ಹೊತ್ತು ಹಾರಿತ್ತು. ಹೈಂಕೆಲ್ ಎಚ್‌ಇ 178, ಅಂದರೆ ಬರೀ ಜೆಟ್ ಎಂಜಿನ್‌ನಿಂದ ಹಾರಿದ ಪ್ರಪಂಚದ ಮೊದಲ ವಿಮಾನ, 1939ರ ಆಗಸ್ಟ್ 27ರಂದು ಹಾರಿದ್ದು. ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಯ ಹೆಸರಾಂತ ಪೈಲಟ್ ರಿಕ್ಟೋಫನ್ ಹಾರಿಸಿದ ಮೂರು ರೆಕ್ಕೆಯ ಫೋಕರ್‌ಗಳಲ್ಲಿ ಒಂದು. ಮೂರೂ ಒಂದೇ ಸೂರಿನಡಿ. 1943ರಲ್ಲಿ ಬಾಂಬ್ ಬಿದ್ದು ಆ ಮ್ಯೂಸಿಯಂ ಸುಟ್ಟುಹೋಯಿತು. ಮೂರು ಜಾತಿಯೂ ಅಳಿದುಹೋದವು. ಇವತ್ತು ನೀವು ಏರ್ ಶೋದಲ್ಲಿ ನೋಡುವ ಮೂರು ರೆಕ್ಕೆಯ ಕೆಂಪು ಫೋಕರ್ ಎಲ್ಲ ಆಮೇಲೆ ಕಟ್ಟಿದ ನಕಲು. ಅಸಲಿನಲ್ಲಿ ಸುಮಾರು 320 ಇದ್ದವು, ಒಂದೂ ಉಳಿದಿಲ್ಲ.

ಅದೇ ಮ್ಯೂಸಿಯಂನಿಂದ ಬಾಂಬ್ ದಾಳಿಗೆ ಹೆದರಿ ಸಾಗಿಸಿದ ಕೆಲವು ವಿಮಾನ ಇವತ್ತು ಪೋಲೆಂಡಿನ ಕ್ರಾಕೋವ್ ಮ್ಯೂಸಿಯಂನಲ್ಲಿ ಇವೆ. ಯಾರೋ ಸಾಗಿಸಿದ್ದು ಉಳಿಯಿತು, ದೊಡ್ಡದು ಅಂತ ಅಲ್ಲೇ ಬಿಟ್ಟದ್ದು ಹೋಯಿತು. ಇದೇನೂ ಹಳೇ ಕಾಲದ ಮಾತಲ್ಲ. ಆಂಟೊನೊವ್ ಎಎನ್-225 ನಮ್ಮ ಕಣ್ಣ ಮುಂದೆಯೇ ಹೋಯಿತಲ್ಲ. ಆರು ಎಂಜಿನ್, 88 ಮೀಟರ್ ರೆಕ್ಕೆ, ಪ್ರಪಂಚದಲ್ಲಿ ಹಾರುತ್ತಿದ್ದದ್ದು ಅದೊಂದೇ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಹೊಸ್ಟೊಮೆಲ್‌ನಲ್ಲಿ ಹ್ಯಾಂಗರ್ ಒಳಗೇ ನಾಶವಾಯಿತು.

ನನ್ನ ಹುಚ್ಚು ಮರದ ವಿಮಾನಗಳದ್ದು. ಅದಕ್ಕೆ ಗುಜರಿಯವನೂ ಬೇಡ, ಬಾಂಬೂ ಬೇಡ, ಮಳೆ ಸಾಕು. ಡಿ ಹ್ಯಾವಿಲ್ಯಾಂಡ್ ಮಾಸ್ಕಿಟೊ ಹೆಸರು ಕೇಳಿರುತ್ತೀರಿ. ಅದರ ಮೈಯಲ್ಲಿ ಮಧ್ಯೆ ಹಗುರವಾದ ಬಾಲ್ಸಾ ಮರ, ಎರಡೂ ಕಡೆ ಬರ್ಚ್ ಮರದ ತೆಳು ಪ್ಲೈವುಡ್, ಅಂಟು ಹಾಕಿ ಒತ್ತಿ ಮಾಡಿದ್ದು. ಬಟಾಣಿ ಸಿಪ್ಪೆಯ ಹಾಗೆ ಎಡ ಅರ್ಧ, ಬಲ ಅರ್ಧ ಬೇರೆ ಬೇರೆ ಮಾಡಿ, ಒಳಗಿನ ವೈರು ಪೈಪು ಎಲ್ಲ ಕೂರಿಸಿ, ಆಮೇಲೆ ಎರಡನ್ನೂ ಸೇರಿಸಿ ಅಂಟಿಸುತ್ತಿದ್ದರು. ಬಾಗಿಲು ಇಲ್ಲದ ಶೆಡ್‌ನಲ್ಲಿ ನಾಲ್ಕೈದು ವರ್ಷ ಬಿಟ್ಟರೆ ನೀರು ಒಳಗಿಳಿದು ಬಾಲ್ಸಾ ಕೊಳೆಯುತ್ತದೆ, ಅಂಟು ಬಿಡುತ್ತದೆ, ಪ್ಲೈವುಡ್ ಪುಸ್ತಕದ ಹಾಳೆಯ ಹಾಗೆ ಎದ್ದುಕೊಳ್ಳುತ್ತದೆ. ಹೊರಗಿನಿಂದ ಬಣ್ಣ ಚೆನ್ನಾಗೇ ಕಾಣಿಸುತ್ತಿರುತ್ತದೆ, ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ನಾನು ಒಂದು ಹಳೇ ಮರದ ಗ್ಲೈಡರ್‌ನ ರೆಕ್ಕೆಯನ್ನು ಹಾಗೆ ಒತ್ತಿ ನೋಡಿದ್ದೇನೆ. ಹೆಬ್ಬೆರಳು ಮುಳುಗಿದಾಗ ಹೊಟ್ಟೆಯಲ್ಲಿ ಏನೋ ಆಯಿತು.

ಮಾಸ್ಕಿಟೊ ಸಾವಿರಗಟ್ಟಲೆ ಇದ್ದದ್ದರಿಂದ ಹೇಗೋ ಒಂದಷ್ಟು ಉಳಿದವು. ಅದರ ತಮ್ಮ ಹಾರ್ನೆಟ್ ಇತ್ತು, ಒಬ್ಬರೇ ಕೂರುವ ಎರಡು ಎಂಜಿನ್‌ನ ಫೈಟರ್. 383 ಕಟ್ಟಿದರು. ನನ್ನ ಪ್ರಕಾರ ಪಿಸ್ಟನ್ ಎಂಜಿನ್‌ನ ಫೈಟರ್‌ಗಳಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಮಲಯಾದ ಸೆಕೆ, ಮಳೆಯಲ್ಲಿ 1955ರವರೆಗೂ ದುಡಿಯಿತು. ಒಂದೂ ಉಳಿದಿಲ್ಲ.

ನೆಲದಲ್ಲೇಇರಲಿ:

ಎಲ್ಲರೂ ಮಳೆ, ಗುಜರಿ, ಬಾಂಬ್ ಅಂದಿರಿ. ಇನ್ನೊಂದು ಕಾರಣ ಯಾರೂ ಹೇಳಲಿಲ್ಲ. ಹಾರಿಸಿ ಹಾರಿಸಿ ಕಳೆದುಕೊಂಡಿದ್ದು.

ನಾರ್ತ್‌ರಾಪ್ ಎನ್-9ಎಂ ಅಂತ ಒಂದಿತ್ತು, ಬಾಲ ಇಲ್ಲ, ಮೈ ಇಲ್ಲ, ಬರೀ ಒಂದು ರೆಕ್ಕೆ. ದೊಡ್ಡ ಬಾಂಬರ್ ಕಟ್ಟುವ ಮುಂಚೆ ಮೂರನೇ ಒಂದು ಅಳತೆಯಲ್ಲಿ ನಾಲ್ಕು ಮಾಡಿ ಪರೀಕ್ಷಿಸಿದ್ದರು. ಆ ದೊಡ್ಡ ಬಾಂಬರ್‌ಗಳಲ್ಲಿ ಒಂದೂ ಉಳಿಯಲಿಲ್ಲ. ಉಳಿದದ್ದು ಈ ಪುಟ್ಟದೊಂದು. ಹತ್ತಾರು ವರ್ಷ ಕಷ್ಟಪಟ್ಟು ಸರಿಮಾಡಿ ಹಾರಿಸುತ್ತಿದ್ದರು. 2019ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿತ್ತು. ಪೈಲಟ್ ತೀರಿಕೊಂಡರು, ವಿಮಾನವೂ ಹೋಯಿತು. 1996ರಲ್ಲಿ ಇಂಗ್ಲೆಂಡಿನ ಬಾರ್ಟನ್‌ನಲ್ಲಿ ಬಿದ್ದ ಮಾಸ್ಕಿಟೊ, ಆಗ ಹಾರುತ್ತಿದ್ದದ್ದು ಅದೊಂದೇ, ಇಬ್ಬರು ಹೋದರು. 2003ರಲ್ಲಿ ಅಮೆರಿಕದ ಶಾಯೆನ್‌ನಲ್ಲಿ ಸ್ಪೇನ್‌ನಲ್ಲಿ ಕಟ್ಟಿದ ಹೈಂಕೆಲ್ 111, ಅದೂ ಹಾರುತ್ತಿದ್ದವುಗಳಲ್ಲಿ ಕೊನೆಯದು, ಅದರಲ್ಲೂ ಇಬ್ಬರು ಹೋದರು.

ಬೋಯಿಂಗ್ 307 ಸ್ಟ್ರಾಟೊಲೈನರ್ ಕಟ್ಟಿದ್ದು ಹತ್ತೇ. ಉಳಿದಿದ್ದ ಒಂದೇ ಒಂದನ್ನು ವರ್ಷಗಟ್ಟಲೆ ಸರಿಮಾಡಿ 2002ರ ಮಾರ್ಚ್‌ನಲ್ಲಿ ಹಾರಿಸಿದಾಗ ಇಂಧನ ಮುಗಿದು ಸಿಯಾಟಲ್‌ನ ಕೊಲ್ಲಿಯ ನೀರಿಗೆ ಇಳಿಯಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ, ವಿಮಾನವನ್ನೂ ಎಳೆದು ತಂದು ಮತ್ತೆ ಸರಿಮಾಡಿದರು. ಈಗ ಮ್ಯೂಸಿಯಂನಲ್ಲಿದೆ. ಅಲ್ಲೇ ಇರಲಿ. ಹತ್ತಿದ್ದರೆ ಒಂದನ್ನು ಹಾರಿಸಿ, ನಾನೂ ಬಂದು ಚಪ್ಪಾಳೆ ಹೊಡೆಯುತ್ತೇನೆ. ಒಂದೇ ಇದ್ದರೆ ದಯವಿಟ್ಟು ನೆಲದ ಮೇಲೆ ಬಿಡಿ.

ಹಳೇರಿವೆಟ್:

ನಿಮ್ಮ ಮಾತಿಗೆ ನನ್ನದು ಮುಕ್ಕಾಲು ಪಾಲು ಒಪ್ಪಿಗೆ. ಜೀವ ಹೋದ ಕಡೆ ವಾದ ಮಾಡಲು ನನಗೆ ಬಾಯಿ ಬರಲ್ಲ. ಆದರೆ ಉಳಿದ ಕಾಲು ಪಾಲು ಹೇಳಲೇಬೇಕು.

ನಿಂತ ವಿಮಾನದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಅದು ನಿಂತಲ್ಲೇ ಹಾಳಾಗುತ್ತದೆ. ಹೈಡ್ರಾಲಿಕ್ ಪೈಪಿನ ರಬ್ಬರ್ ಸೀಲ್ ಒಣಗುತ್ತದೆ, ಬೇರಿಂಗ್ ಹಿಡಿದುಕೊಳ್ಳುತ್ತದೆ, ಗ್ರೀಸ್ ಗಟ್ಟಿಯಾಗಿ ಕಲ್ಲಿನಂತಾಗುತ್ತದೆ. ಇದಕ್ಕಿಂತ ಮುಖ್ಯ, ಕೆಲಸ ಗೊತ್ತಿರುವವರು ಕಮ್ಮಿಯಾಗುತ್ತಾರೆ. ಒಂದು ಎಂಜಿನ್ ಚಾಲೂ ಮಾಡುವಾಗ ಯಾವ ಸದ್ದು ಸರಿ, ಯಾವುದು ತಪ್ಪು ಅನ್ನೋದು ಕಿವಿಯಲ್ಲಿ ಇರುತ್ತದೆ. ಪುಸ್ತಕದಲ್ಲಿ ಬರೆದಿಡಲು ಆಗಲ್ಲ. ಹಾರುವ ವಿಮಾನದ ಸುತ್ತ ಹೊಸ ಹುಡುಗರು ಬಂದು ಕಲಿಯುತ್ತಾರೆ, ಹಗ್ಗ ಕಟ್ಟಿ ನಿಲ್ಲಿಸಿದ್ದರ ಸುತ್ತ ಕಲಿಯಲ್ಲ.

ವಲ್ಕನ್ ಬಾಂಬರ್ ಇದಕ್ಕೆ ಒಳ್ಳೆ ಉದಾಹರಣೆ. ಎಕ್ಸ್‌ಎಚ್558 ಅನ್ನೋ ಒಂದೇ ಒಂದು 2007ರಿಂದ 2015ರವರೆಗೆ ಹಾರಿತು, ಜನರ ದೇಣಿಗೆಯ ಮೇಲೆ. ಅದು ನಿಂತದ್ದು ಮುರಿದುಹೋಗಿ ಅಲ್ಲ. ಅದರ ತಾಂತ್ರಿಕ ಜವಾಬ್ದಾರಿಗೆ ಸಹಿ ಹಾಕುತ್ತಿದ್ದ ಕಂಪನಿಗಳು ಇನ್ನು ಮುಂದೆ ಆಗಲ್ಲ ಅಂದವು, ಆ ವಿಮಾನ ಬಲ್ಲ ಎಂಜಿನಿಯರ್‌ಗಳು ನಿವೃತ್ತರಾಗುತ್ತಿದ್ದರು. ಕಾಂಕಾರ್ಡ್ ಕೂಡ ಹಾಗೇ. 20 ಕಟ್ಟಿದರು, 18 ಇವತ್ತಿಗೂ ಇವೆ, ಹೆಚ್ಚಿನವು ಒಳ್ಳೆ ಸ್ಥಿತಿಯಲ್ಲೇ ಇವೆ. ಆದರೂ 2003ರ ನವೆಂಬರ್ 26ರ ನಂತರ ಒಂದೂ ಹಾರಿಲ್ಲ. ಬಿಡಿಭಾಗ ಕೊಡುವವರು, ಕಾಗದಕ್ಕೆ ಸಹಿ ಹಾಕುವವರು ಇಲ್ಲದಿದ್ದರೆ ಅಷ್ಟು ದೊಡ್ಡ ವಿಮಾನ ನೆಲ ಬಿಡಲ್ಲ.

ಬಾಲ್ಸಾಕಡ್ಡಿ ಅವರು ಮಾಸ್ಕಿಟೊ ಹೇಳಿದರಲ್ಲ. 1996ರ ಅಪಘಾತದ ನಂತರ ಪ್ರಪಂಚದಲ್ಲಿ ಹಾರುವ ಮಾಸ್ಕಿಟೊ ಒಂದೂ ಇರಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಅದನ್ನು ಕಟ್ಟುವ ವಿದ್ಯೆಯೂ ಹೋಗುತ್ತಿತ್ತು. ನ್ಯೂಜಿಲೆಂಡ್‌ನಲ್ಲಿ ಕೂತು ಮೈಯ ಅಚ್ಚುಗಳನ್ನೇ ಹೊಸದಾಗಿ ಮಾಡಿದರು. ಕೆನಡಾದ ಹೊಲವೊಂದರಲ್ಲಿ ಮಳೆಗೆ ನೆನೆದು ಪುಡಿಯಾಗಿದ್ದ ಕೆಎ114ರ ಲೋಹದ ಭಾಗಗಳನ್ನು ತಂದು, ಮರವನ್ನೆಲ್ಲ ಹೊಸದಾಗಿ ಕಟ್ಟಿ, 2012ರಲ್ಲಿ ಹಾರಿಸಿದರು. ಅದೇ ಅಚ್ಚಿನಿಂದ ಆಮೇಲೆ ಇನ್ನೂ ಬಂದವು. ಹಾರಿಸಬೇಕು ಅನ್ನೋ ಹಟ ಇಲ್ಲದಿದ್ದರೆ ಯಾರು ಅಷ್ಟು ವರ್ಷ ಅಚ್ಚು ಕೆತ್ತುತ್ತಿದ್ದರು ಹೇಳಿ?

ನೆಲದಲ್ಲೇಇರಲಿ:

ಹೊಸದಾಗಿ ಕಟ್ಟಿದ್ದನ್ನು ಹಾರಿಸಲಿ, ಅದಕ್ಕೆ ನನ್ನ ತಕರಾರು ಇಲ್ಲ ಸರ್. ಅಚ್ಚು ಇದ್ದರೆ ಇನ್ನೊಂದು ಮಾಡಬಹುದು. ನಾನು ಹೇಳಿದ್ದು ಕೊನೆಯ ಅಸಲಿನ ಬಗ್ಗೆ ಮಾತ್ರ. ಸೀಲ್ ಒಣಗಿದರೆ ಬದಲಾಯಿಸಬಹುದು, ಬೂದಿಯಾದರೆ ಆಗಲ್ಲ.

ಕೆರೆದಡ:

ಪುಟ್ಟರೆಕ್ಕೆ, ನಿಮ್ಮ ಹ್ಯಾಲಿಫ್ಯಾಕ್ಸ್ ಪ್ರಶ್ನೆ ಬಾಕಿ ಇತ್ತು. ಎರಡನೆಯದನ್ನು 1995ರಲ್ಲಿ ನಾರ್ವೆಯ ಮ್ಯೋಸಾ ಕೆರೆಯಿಂದ ಎತ್ತಿದರು, ಸುಮಾರು 750 ಅಡಿ ಆಳದಿಂದ. ಕೆನಡಾದ ಟ್ರೆಂಟನ್‌ಗೆ ಒಯ್ದು ಹತ್ತು ವರ್ಷ ಕೂತು ಪೂರ್ತಿ ಹೊಸದರಂತೆ ಮಾಡಿದರು. ಬಣ್ಣ, ಬಂದೂಕಿನ ಗೋಪುರ, ಒಳಗಿನ ಕುರ್ಚಿ, ಎಲ್ಲ. ಒಂದೇ ಜಾತಿ, ಎರಡೂ ನಾರ್ವೆಯ ಕೆರೆಯವು, ಒಂದನ್ನು ಹಾಗೇ ಇಟ್ಟರು, ಇನ್ನೊಂದನ್ನು ಕಾರ್ಖಾನೆಯಿಂದ ಬಂದ ದಿನಕ್ಕೆ ಒಯ್ದರು. ಹೆಂಡನ್‌ನಲ್ಲಿ ನಿಂತರೆ 1942ರ ಆ ರಾತ್ರಿ ಕಾಣಿಸುತ್ತದೆ. ಟ್ರೆಂಟನ್‌ದು ನೋಡಿದವರಿಗೆ ಅದು ಹೇಗೆ ಕೆಲಸ ಮಾಡುತ್ತಿತ್ತು ಅಂತ ಗೊತ್ತಾಗುತ್ತದೆ. ನನಗೆ ಎರಡೂ ಬೇಕು.

ನಿಮ್ಮ ಸ್ಟರ್ಲಿಂಗ್ ಬಗ್ಗೆಯೂ ಒಂದು ಮಾತು. 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾರ್ಕರ್‌ಮೇರ್ ಕೆರೆಯಿಂದ ಬಿಕೆ716 ಅನ್ನೋ ಸ್ಟರ್ಲಿಂಗ್‌ನ ಅವಶೇಷ ಎತ್ತಿದರು. 1943ರ ಮಾರ್ಚ್‌ನಲ್ಲಿ ಬರ್ಲಿನ್ ದಾಳಿ ಮುಗಿಸಿ ವಾಪಸ್ ಬರುವಾಗ ಬಿದ್ದದ್ದು. ಎತ್ತಿದ್ದು ಮ್ಯೂಸಿಯಂಗೆ ಅಂತಲ್ಲ. ಅದರಲ್ಲಿದ್ದ ಏಳು ಜನ ಅಷ್ಟು ವರ್ಷವೂ ಕಾಣೆಯಾದವರ ಪಟ್ಟಿಯಲ್ಲೇ ಇದ್ದರು. ಅವರಿಗಾಗಿ ಎತ್ತಿದರು. ಕೆಸರನ್ನು ನೀರು ಹಾಯಿಸಿ ಜರಡಿ ಹಿಡಿದು, ಸಣ್ಣ ಸಣ್ಣ ಚೂರನ್ನೂ ಬಿಡದೆ ಹುಡುಕಿದರು. ನೀರಿನ ತಳದ ವಿಮಾನ ಅಂದಾಗ ನಾವು ಬಿಡಿಭಾಗ ಅಂತ ಯೋಚಿಸುತ್ತೇವೆ, ಎಷ್ಟೋ ಸಲ ಅದು ಸಮಾಧಿ. ಅದಕ್ಕೇ ಎಲ್ಲವನ್ನೂ ಎತ್ತಿ ಅಂತ ನಾನು ಹೇಳಲ್ಲ.

ಪುಟ್ಟರೆಕ್ಕೆ:

ಬಿಕೆ716 ಬಗ್ಗೆ ನಿನ್ನೆ ರಾತ್ರಿಯೆಲ್ಲ ಓದಿದೆ. ಏಳು ಜನರ ಹೆಸರನ್ನೂ ಓದಿದೆ.

ಇಷ್ಟು ದಿನ ನನ್ನ ಮಾದರಿಗೆ ಕಿಟ್ ಜೊತೆ ಬಂದ ಸ್ಟಿಕರ್ ಅಂಕಿಗಳನ್ನೇ ಹಾಕೋಣ ಅಂತಿದ್ದೆ. ಈಗ ಬೇಡ ಅನ್ನಿಸಿದೆ. ಬಿಕೆ716 ಅಂತ ಕೈಯಲ್ಲೇ ಬರೆಯುತ್ತೇನೆ. ಕಪ್ಪು ಮೈಯ ಮೇಲೆ ಮಾಸಲು ಕೆಂಪು ಅಕ್ಷರ, ಒಂದೊಂದೂ ಅಕ್ಕಿಕಾಳಿಗಿಂತ ಸಣ್ಣದು. ಮೂರು ಕೂದಲಿನ ಬ್ರಷ್ ಬೇಕು, ಉಸಿರು ಹಿಡಿದು ಬರೆಯಬೇಕು.

ಚಕ್ರದ ಗೂಡಿನ ಒಳಗೆ ಏನಿತ್ತು ಅಂತ ಕಾರ್ಖಾನೆಯಲ್ಲಿ ತೆಗೆದ ಒಂದು ಕಪ್ಪುಬಿಳುಪು ಫೋಟೋ ಸಿಕ್ಕಿದೆ. ಪೈಪು ಎಲ್ಲಿ ಹಾಯುತ್ತದೆ ಅಂತ ಕಾಣಿಸುತ್ತದೆ, ಬಣ್ಣ ಗೊತ್ತಾಗಲ್ಲ. ಸ್ಟರ್ಲಿಂಗ್‌ನ ಕಾಲುಗಳು ತುಂಬಾ ಉದ್ದ, ರೆಕ್ಕೆ ಚಿಕ್ಕದಾದ್ದರಿಂದ ನೆಲ ಬಿಡುವಾಗ ಮೂತಿ ಮೇಲೆತ್ತಿ ನಿಲ್ಲಲಿ ಅಂತ ಹಾಗೆ ಮಾಡಿದ್ದರಂತೆ. 1939ರ ಮೇ 14ರಂದು ಮೊದಲ ಸಲ ಹಾರಿ ಇಳಿಯುವಾಗಲೇ ಆ ಕಾಲು ಮುರಿದು ಮೊದಲ ವಿಮಾನ ಹಾಳಾಗಿತ್ತು. ನನ್ನ ಮಾದರಿಯಲ್ಲೂ ಅದೇ ಕಾಲು ಎರಡು ಸಲ ಕಳಚಿತು. ನಿನ್ನೆ ಒಳಗೆ ಸಣ್ಣ ಹಿತ್ತಾಳೆ ತಂತಿ ಕೂರಿಸಿ ಅಂಟಿಸಿದ್ದೇನೆ. ಇವತ್ತು ಬೆಳಿಗ್ಗೆ ಮೇಜಿನ ಮೇಲೆ ನಿಲ್ಲಿಸಿದೆ, ನಿಂತಿದೆ. ಪಕ್ಕದಲ್ಲಿ ಅದೇ ಅಳತೆಯ ಒಬ್ಬ ಪೈಲಟ್ ಬೊಂಬೆ ಇಟ್ಟು ನೋಡಿದೆ. ಅವನ ತಲೆ ಚಕ್ರಕ್ಕಿಂತ ಸ್ವಲ್ಪವೇ ಮೇಲೆ ಬರುತ್ತದೆ, ಕಾಕ್‌ಪಿಟ್ ಎಲ್ಲೋ ಮಾಳಿಗೆಯ ಮೇಲಿದ್ದ ಹಾಗಿದೆ.

ಗೂಡಿನ ಬಣ್ಣ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ಹೇಳಿ. ಅಲ್ಲಿಯವರೆಗೆ ಅದೊಂದು ಜಾಗವನ್ನು ಬಳಿಯದೆ ಹಾಗೇ ಬಿಟ್ಟಿರುತ್ತೇನೆ.